ಮೇಟಿ ಎಂದರೆ ನೇಗಿಲೋ, ಕಣದ ಕಂಬವೋ?

‘ಮೇಟಿ ವಿದ್ಯೆ’ ಎಂಬ ಮಾತು ಕೇಳದ ಕೃಷಿಕ ನಮ್ಮಲ್ಲಿ ಇರಲಿಕ್ಕಿಲ್ಲ. ಕೃಷಿ ಮೇಳದ ಕಮಾನಿನ ಮೇಲೆ, ಸಹಕಾರಿ ಸಂಘದ ಕ್ಯಾಲೆಂಡರಿನಲ್ಲಿ, ಗೊಬ್ಬರದಂಗಡಿಯ ಗೋಡೆಯಲ್ಲಿ, ದೊಡ್ಡವರ ಭಾಷಣದಲ್ಲಿ ಅದು ಇದ್ದೇ ಇರುತ್ತದೆ. ಭಾಷಣ ಮುಗಿಸಿ ಕೆಳಗಿಳಿದವರನ್ನು “ಸ್ವಾಮೀ, ಮೇಟಿ ಅಂದರೆ ಏನು?” ಅಂತ ಒಮ್ಮೆ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ “ಮೇಟಿ ಅಂದರೆ ಬೇಸಾಯ” ಎನ್ನುತ್ತಾರೆ. ಒಬ್ಬರು “ನೇಗಿಲು” ಎನ್ನಬಹುದು. ಉಳಿದವರು ನಕ್ಕು ಸುಮ್ಮನಾಗುತ್ತಾರೆ.

ನಮ್ಮ ಮಕ್ಕಳು ಕೇಳಿದರೆ ನಮ್ಮಲ್ಲೂ ಎಷ್ಟೋ ಜನರ ಉತ್ತರ ಇಷ್ಟೇ. ನಮ್ಮ ಕಸುಬಿಗೆ ಹಿರಿಯರು ಕೊಟ್ಟ ದೊಡ್ಡ ಬಿರುದಿನ ಅರ್ಥ ನಮಗೇ ಗೊತ್ತಿಲ್ಲ ಅಂದರೆ ಹೇಗೆ? ಅರ್ಥ ತಿಳಿದುಕೊಂಡರೆ ಅದು ಬರೀ ಪಂಡಿತರ ವಿಷಯ ಅಲ್ಲ, ಇವತ್ತಿನ ನಮ್ಮ ತಾಪತ್ರಯಕ್ಕೂ ಸಂಬಂಧ ಇದೆ ಅಂತ ಕಾಣುತ್ತದೆ. ಅದಕ್ಕೇ ಈ ಬರಹ.

ಕಣದ ನಡುವಿನ ಕಂಬ

ನಿಘಂಟಿನಲ್ಲಿ ಮೇಟಿ ಶಬ್ದಕ್ಕೆ ಮುಖ್ಯವಾಗಿ ಎರಡು ಬಗೆಯ ಅರ್ಥ ಸಿಗುತ್ತದೆ. ಒಂದು, ಒಕ್ಕಣೆಯ ಕಣದ ಮಧ್ಯೆ ಎತ್ತು ಕಟ್ಟಲು ನೆಡುವ ಕಂಬ. ಇನ್ನೊಂದು, ಹಿರಿಮೆ, ಹಿರಿಯ, ಮುಖ್ಯಸ್ಥ. ಬೇಸಾಯ ಎಂಬ ಅರ್ಥ ಇದರಿಂದ ಬೆಳೆದು ಬಂದದ್ದು ಎಂದು ನನಗೆ ಕಾಣುತ್ತದೆ.

ಕರಾವಳಿಯ ಓದುಗರಿಗೆ ಈ ಕಂಬ ಅಷ್ಟು ಪರಿಚಯ ಇರಲಾರದು. ಅಲ್ಲಿ ಭತ್ತದ ಸೂಡಿಯನ್ನು ಪಡಿಮಂಚಕ್ಕೆ ಬಡಿದು ಕಾಳು ಉದುರಿಸುವ ಪದ್ಧತಿ. ಬಯಲುಸೀಮೆಯಲ್ಲಿ ಜೋಳ, ರಾಗಿ, ನವಣೆ, ಹುರುಳಿಗಳನ್ನು ಎತ್ತಿನಿಂದ ತುಳಿಸುತ್ತಿದ್ದರು. ಮಲೆನಾಡಿನಲ್ಲೂ ಭತ್ತದ ಕಣದಲ್ಲಿ ಮೇಟಿಕಂಬ ಇತ್ತು.

ಕಣ ಮಾಡೋದೇ ಒಂದು ಕೆಲಸ. ಗಟ್ಟಿ ನೆಲ ಆರಿಸಿ, ಹುಲ್ಲು ಕೆತ್ತಿ, ನೀರು ಹಾಕಿ, ದನ ಓಡಾಡಿಸಿ ತುಳಿಸಿ, ಮಟ್ಟ ಮಾಡಿ, ಸಗಣಿ ಸಾರಿಸುತ್ತಿದ್ದರು. ಬಿರುಕು ಬಿಟ್ಟರೆ ಮತ್ತೆ ಸಾರಿಸಬೇಕು. ಇಲ್ಲದಿದ್ದರೆ ಕಾಳೆಲ್ಲ ಬಿರುಕಿನ ಪಾಲು. ನಡುವೆ ಗುಂಡಿ ತೋಡಿ ಮೇಟಿ ನೆಡುತ್ತಿದ್ದರು. ಅದರ ಸುತ್ತ ತೆನೆ ಹರಡಿ, ನಾಲ್ಕೈದು ಎತ್ತುಗಳನ್ನು ಕೊರಳಿಗೆ ಕೊರಳು ಸೇರಿಸಿ ಒಂದೇ ಸಾಲಾಗಿ ಕಟ್ಟಿ, ಆ ಸಾಲಿನ ಹಗ್ಗವನ್ನು ಮೇಟಿಗೆ ಬಿಗಿದರೆ ಅದೇ ಹಂತಿ. ಹಂತಿ ಹೊಡೆಯುವವರು ರಾತ್ರಿ ನಿದ್ದೆ ಬಾರದ ಹಾಗೆ ಹಾಡುತ್ತಿದ್ದದ್ದೇ ಉತ್ತರ ಕರ್ನಾಟಕದ ಹಂತಿ ಪದ.

ಇದರಲ್ಲೂ ಲೆಕ್ಕ ಇತ್ತು. ಮೇಟಿಯಿಂದ 3 ಅಡಿ ದೂರದ ಎತ್ತು ಒಂದು ಸುತ್ತಿಗೆ ಸುಮಾರು 19 ಅಡಿ ನಡೆಯುತ್ತದೆ. 12 ಅಡಿ ದೂರದಲ್ಲಿರುವ ಎತ್ತು ಅದೇ ಸುತ್ತಿಗೆ 75 ಅಡಿ ನಡೆಯಬೇಕು, ಅಂದರೆ ನಾಲ್ಕು ಪಟ್ಟು. ಹಾಗಾಗಿ ವಯಸ್ಸಾದ, ಸಮಾಧಾನದ ಎತ್ತನ್ನು ಮೇಟಿಯ ಪಕ್ಕ ಕಟ್ಟಿ, ಚುರುಕಿನ ಹೋರಿಯನ್ನು ಹೊರಗಡೆ ಕಟ್ಟುತ್ತಿದ್ದರು. ಉಲ್ಟಾ ಕಟ್ಟಿದರೆ ಹೋರಿ ಒಳಗೆ ಚಡಪಡಿಸುತ್ತದೆ, ಮುದಿಯೆತ್ತು ಹೊರಗೆ ಸೋಲುತ್ತದೆ. ಹಗ್ಗ ಕಂಬಕ್ಕೆ ಸುತ್ತಿಕೊಂಡಂತೆ ಸುತ್ತು ಕಿರಿದಾಗುತ್ತದೆ. ಹಂತಿಯನ್ನು ತಿರುಗಿಸಿ ಹೊಡೆದರೆ ಹಗ್ಗ ಬಿಚ್ಚಿ ಸುತ್ತು ಹಿಗ್ಗುತ್ತದೆ. ಹೀಗೆ ಕಣದ ಅಂಚಿನಿಂದ ನಡುವಿನವರೆಗೂ ತೆನೆ ತುಳಿತಕ್ಕೆ ಸಿಗುತ್ತಿತ್ತು.

ಎಲ್ಲವೂ ತಿರುಗುತ್ತದೆ, ಮೇಟಿ ಮಾತ್ರ ನಿಂತಿರುತ್ತದೆ. ಮೇಟಿ ಅಲುಗಿದರೆ ಹಂತಿ ಕೆಟ್ಟಿತು. ಈ ಒಂದು ಮಾತು ನೆನಪಿಟ್ಟುಕೊಂಡರೆ ಈ ಶಬ್ದದ ಮುಂದಿನ ಪ್ರಯಾಣ ಪೂರಾ ಅರ್ಥವಾಗುತ್ತದೆ.

ಹಳೆಯ ಗ್ರಂಥಗಳಲ್ಲಿ

ಸಂಸ್ಕೃತದಲ್ಲಿ ಇದೇ ಕಂಬಕ್ಕೆ ಮೇಥಿ, ಮೇಧಿ, ಮೇಢಿ ಎಂಬ ಹೆಸರುಗಳಿವೆ. ಅಡುಗೆಯ ಮೆಂತ್ಯಕ್ಕೆ ಉತ್ತರದವರು ಹೇಳುವ ಮೇಥಿಯ ಮಾತು ಇಲ್ಲಿ ಬೇಡ. ಆ ಶಬ್ದ ನಮಗೆ ಬಂತೋ, ದಕ್ಷಿಣದ ಶಬ್ದ ಅಲ್ಲಿಗೆ ಹೋಯಿತೋ ಎಂದು ಭಾಷಾ ವಿದ್ವಾಂಸರು ಚರ್ಚೆ ಮಾಡುತ್ತಾರೆ. ನಮಗೆ ಮುಖ್ಯವಾದದ್ದು, ಕಂಬ ಒಂದೇ, ಕೆಲಸ ಒಂದೇ.

ಅಥರ್ವವೇದದ ಮದುವೆಯ ಸೂಕ್ತದಲ್ಲಿ ಈ ಕಂಬದ ಹೆಸರು ಬರುತ್ತದೆ. ಹೊಸ ಹೆಣ್ಣಿಗೆ ಒಳ್ಳೆಯದನ್ನು ಹಾರೈಸುವಾಗ ಚಿನ್ನ, ನೀರುಗಳ ಜೊತೆಗೆ ಮೇಥಿಯೂ ನೊಗದ ತೂತೂ ಆಕೆಗೆ ಶುಭವಾಗಲಿ ಎನ್ನುತ್ತಾರೆ. ಅಮರಕೋಶದಲ್ಲಿ ಬೇಸಾಯದ ಶಬ್ದಗಳು ಬರುವ ವೈಶ್ಯವರ್ಗದಲ್ಲಿ ಮೇಧಿಗೆ ಕೊಟ್ಟ ಅರ್ಥ ಸ್ಪಷ್ಟವಾಗಿದೆ: ದನ ಕಟ್ಟಲು ಕಣದಲ್ಲಿ ನೆಟ್ಟ ಮರ. ಹಿಂದೆ ಅಮರಕೋಶ ಬಾಯಿಪಾಠ ಮಾಡಿದ ಹುಡುಗರೆಲ್ಲ ಕಣಕ್ಕೆ ಕಾಲಿಡದಿದ್ದರೂ ಈ ಕಂಬದ ಹೆಸರನ್ನು ಕಲಿಯಲೇಬೇಕಿತ್ತು!

ಇನ್ನೂ ಉಪಯೋಗದ ಮಾಹಿತಿ ‘ಕೃಷಿ ಪರಾಶರ’ದಲ್ಲಿದೆ. ಇದು ಬೇಸಾಯಕ್ಕೆಂದೇ ಬರೆದ ಹಳೆಯ ಸಂಸ್ಕೃತ ಪುಸ್ತಕ. ಮಳೆ ನೋಡೋದು, ದನ ಸಾಕೋದು, ಗೊಬ್ಬರ, ನೇಗಿಲು, ಬೀಜ, ನಾಟಿ ಎಲ್ಲ ಆದ ಮೇಲೆ ಕೊಯ್ಲಿನ ಭಾಗದಲ್ಲಿ ಮೇಧಿ ನೆಡುವ ವಿಧಾನವನ್ನೇ ಪ್ರತ್ಯೇಕವಾಗಿ ಹೇಳಿದ್ದಾರೆ. ಮಾರ್ಗಶಿರ ಮಾಸದಲ್ಲಿ ನೆಲ ಸಮ ಮಾಡಿ, ಸಗಣಿ ಸಾರಿಸಿ, ಒಳ್ಳೆಯ ದಿನ ನೋಡಿ ಕಂಬ ನೆಡಬೇಕಂತೆ. ಕಂಬಕ್ಕೆ ಆಲ, ಸಪ್ತಪರ್ಣಿ, ಶಿವನಿ, ಬೂರುಗ, ಅತ್ತಿ ಇಲ್ಲವೇ ಬೇರೆ ಯಾವುದಾದರೂ ಹಾಲು ಬರುವ ಮರ ಆಗಬಹುದು. ಬೇವಿನ ಸೊಪ್ಪು, ಸಾಸಿವೆ ಕಟ್ಟಿ ಕಂಬಕ್ಕೆ ರಕ್ಷೆ ಮಾಡಬೇಕು ಅಂತಲೂ ಇದೆ.

ಇದನ್ನು ಓದಿದಾಗ ನಮ್ಮ ಹಳ್ಳಿಯ ಕಣವೇ ಕಣ್ಣ ಮುಂದೆ ಬರುತ್ತದೆ. ಮಾರ್ಗಶಿರ ಅಂದರೆ ಡಿಸೆಂಬರಿನ ಆಸುಪಾಸು, ನಮ್ಮ ರಾಗಿ ಮೆದೆ ಒಟ್ಟುವ ಸಮಯ. ಹಾಲಿನ ಮರ ಯಾಕೆ? ಹಾಲು ಅಂದರೆ ಸಮೃದ್ಧಿ ಎಂಬ ನಂಬಿಕೆ. ಆಲ, ಬೂರುಗಗಳದ್ದು ಮೆತು ಮರ. ಬಾಳಿಕೆಯ ದೃಷ್ಟಿಯಿಂದ ಇವು ತೇಗ, ಹೊನ್ನೆಗಳಿಗೆ ಸಮ ಅಲ್ಲ. ಆದರೆ ಮೇಟಿ ನಿಲ್ಲಬೇಕಾದ್ದು ಒಂದು ಸುಗ್ಗಿ ಮಾತ್ರ. ಮನೆಗೆ ಬೇಕಾದ ಗಟ್ಟಿ ಮರವನ್ನು ಅದಕ್ಕೆ ಕಡಿಯೋದು ಬೇಡ ಎಂಬ ವಿವೇಕವೂ ಇದರಲ್ಲಿ ಇದ್ದಿರಬಹುದು. ಇದು ನನ್ನ ಊಹೆ.

ಆಕಾಶದಲ್ಲೊಂದು ಒಕ್ಕಣೆ

ಈ ಶಬ್ದದ ಅತಿ ಸುಂದರ ಬಳಕೆ ನನಗೆ ಕಂಡದ್ದು ಭಾಗವತ ಪುರಾಣದಲ್ಲಿ. ಧ್ರುವನ ಕತೆ ನಿಮಗೆ ಗೊತ್ತು. ಅಪ್ಪನ ತೊಡೆ ಸಿಗದ ಹುಡುಗ ತಪಸ್ಸು ಮಾಡಿ ಯಾರೂ ಕದಲಿಸಲಾಗದ ಜಾಗ ಪಡೆದ. ನಾಲ್ಕನೇ ಸ್ಕಂಧದ 9ನೇ ಅಧ್ಯಾಯದಲ್ಲಿ ಅವನಿಗೆ ವರ ಕೊಡುವಾಗ ಆ ಜಾಗವನ್ನು ಮೇಢಿಗೆ ಹೋಲಿಸಿದ್ದಾರೆ. ಐದನೇ ಸ್ಕಂಧದ 23ನೇ ಅಧ್ಯಾಯದಲ್ಲಿ ಮತ್ತೆ ಅದೇ ಹೋಲಿಕೆ ಇನ್ನೂ ವಿವರವಾಗಿ ಬರುತ್ತದೆ. ಕಣದಲ್ಲಿ ಮೇಢಿ ಕಂಬಕ್ಕೆ ಕಟ್ಟಿದ ತುಳಿಯುವ ದನಗಳು ಹತ್ತಿರ, ನಡುವೆ, ದೂರ ಹೀಗೆ ತಂತಮ್ಮ ಜಾಗದಲ್ಲಿ ಸುತ್ತುವ ಹಾಗೆ, ಗ್ರಹ ನಕ್ಷತ್ರಗಳೆಲ್ಲ ಧ್ರುವನನ್ನು ನಡುವೆ ಇಟ್ಟುಕೊಂಡು ಸುತ್ತುತ್ತವೆ ಎಂದು.

ನಗರದಲ್ಲಿ ಕೂತು ಓದುವವರಿಗೆ ಇದೊಂದು ಉಪಮೆ. ರಾತ್ರಿ ಹಂತಿ ಹೊಡೆದವರಿಗೆ ಇದು ಕಣ್ಣಾರೆ ಕಂಡ ಸಂಗತಿ. ಡಿಸೆಂಬರ್–ಜನವರಿಯಲ್ಲಿ ನಡುರಾತ್ರಿ ಕಳೆದ ಮೇಲೆ ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಮೇಲೇರುತ್ತದೆ. ನಮ್ಮ ಕರ್ನಾಟಕದಿಂದ ನೋಡಿದರೆ ಧ್ರುವ ನಕ್ಷತ್ರ ಉತ್ತರ ದಿಕ್ಕಿನಲ್ಲಿ ನೆಲಕ್ಕೆ ಹತ್ತಿರ, ಸುಮಾರು 12ರಿಂದ 18 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತದೆ. ಅದರ ಪಕ್ಕದ ನಕ್ಷತ್ರಗಳದ್ದು ಸಣ್ಣ ಸುತ್ತು, ದೂರದವುಗಳದ್ದು ದೊಡ್ಡ ಸುತ್ತು. ಮೇಟಿಯ ಪಕ್ಕದ ಮುದಿಯೆತ್ತು, ಹೊರಗಿನ ಹೋರಿ! ಈ ಹೋಲಿಕೆ ಹುಟ್ಟಬೇಕಾದರೆ ಯಾರೋ ಒಬ್ಬರು ಕಣದಲ್ಲಿ ರಾತ್ರಿ ಕಳೆದು ಆಕಾಶ ನೋಡಿರಲೇಬೇಕು. ವಿದ್ವಾಂಸರ ಗ್ರಂಥಕ್ಕೆ ಉಪಮೆ ಸಿಕ್ಕಿದ್ದು ನಮ್ಮಂಥವರ ಕಣದಿಂದ.

ಕಂಬ ಯಜಮಾನನಾದದ್ದು

ಹಾಗಾದರೆ ಮೇಟಿಗೆ ‘ಹಿರಿಯ, ಮುಖ್ಯಸ್ಥ’ ಎಂಬ ಅರ್ಥ ಎಲ್ಲಿಂದ ಬಂತು? ಇದಕ್ಕೆ ಬೆಳಕು ಕೊಡುವ ಒಂದು ಬಳಕೆ ಜೈನರ ಪ್ರಾಕೃತ ಗ್ರಂಥ ‘ಉವಾಸಗದಸಾಓ’ದಲ್ಲಿದೆ. ಮಹಾವೀರರ ಹತ್ತು ಮಂದಿ ಗೃಹಸ್ಥ ಅನುಯಾಯಿಗಳ ಕತೆ ಅದು. ಮೊದಲನೆಯವನು ಆನಂದ ಎಂಬ ಗೃಹಪತಿ. ವ್ರತ ಹಿಡಿಯುವಾಗ ತನಗೆ 500 ನೇಗಿಲು ಸಾಕು ಎಂದು ಮಿತಿ ಹಾಕಿಕೊಂಡ ಭಾರೀ ಕುಳ. ಊರಿನವರು, ವ್ಯಾಪಾರಿಗಳು, ಅಧಿಕಾರಿಗಳು ಸಲಹೆಗೆ ಇವನ ಹತ್ತಿರ ಬರುತ್ತಿದ್ದರಂತೆ. ಅವನನ್ನು ವರ್ಣಿಸುವಾಗ, ಅವನು ತನ್ನ ಕುಟುಂಬಕ್ಕೆ ‘ಮೇಢಿ’, ಆಧಾರ, ಕಣ್ಣು ಎಂದೆಲ್ಲ ಹೇಳಿದ್ದಾರೆ.

ನೋಡಿ, ಇಲ್ಲಿ ಕಂಬ ಮನುಷ್ಯ ಆಗಿದೆ. ಮನೆಯ ಯಜಮಾನ ಅಂದರೆ ಮೇಟಿ. ಎಲ್ಲರೂ ಅವನನ್ನು ಆಧರಿಸಿ ತಿರುಗುತ್ತಾರೆ, ಅವನು ಅಲುಗಬಾರದು. ತಮಿಳು, ತೆಲುಗುಗಳಲ್ಲೂ ಮೇಟಿ ಅಂದರೆ ಶ್ರೇಷ್ಠ, ನಾಯಕ. ಕನ್ನಡದಲ್ಲಿ ಆಳುಗಳಲ್ಲಿ ಹಿರಿಯನಾದವನಿಗೂ ಮೇಟಿ ಎನ್ನುವುದಿತ್ತು. ಅಂದರೆ ಈ ಹಿರಿತನ ಬರೀ ಜಮೀನಿನಿಂದ ಬರುವಂಥದ್ದಲ್ಲ. ಕೆಲಸ ಬಲ್ಲವನಿಗೂ ಆ ಹೆಸರು ಸಲ್ಲುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಮೇಟಿ ಎಂಬ ಮನೆತನದ ಹೆಸರು ಇವತ್ತಿಗೂ ಇದೆ.

ಮೇಳಿ ಬೇರೆ, ಮೇಟಿ ಬೇರೆ

ಮೇಟಿ ಅಂದರೆ ನೇಗಿಲು ಎನ್ನುವವರೂ ಸುಮ್ಮನೆ ಹೇಳುತ್ತಿಲ್ಲ. ಉಳುವಾಗ ಕೈಯಲ್ಲಿ ಹಿಡಿಯುವ ನೇಗಿಲ ಹಿಡಿಗೆ ಮೇಣಿ, ಮೇಡಿ, ಮೇಳಿ ಎಂಬ ಹೆಸರುಗಳಿವೆ. ತೆಲುಗಿನಲ್ಲೂ ಅದು ಮೇಡಿ. ತಮಿಳಿನಲ್ಲಿ ಮೇಳಿ ಅಂದರೆ ನೇಗಿಲು ಅಥವಾ ಅದರ ಹಿಡಿ. ಸುಮಾರು 900 ವರ್ಷಗಳ ಹಿಂದೆ ತಮಿಳುನಾಡಿನಲ್ಲಿ ‘ಚಿತ್ರಮೇಳಿ ಪೆರಿಯನಾಡು’ ಎಂಬ ಕೃಷಿಕರ ದೊಡ್ಡ ಸಂಘಟನೆಯೇ ಇತ್ತು. ಅವರ ಗುರುತು ನೇಗಿಲು. ಅವರ ತೀರ್ಮಾನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ರೈತ ಸಂಘ ಎಂಬುದು ನಿನ್ನೆ ಮೊನ್ನೆಯ ಸಂಗತಿ ಅಲ್ಲ ಅಂತ ಇದರಿಂದ ತಿಳಿಯಬಹುದು.

ಮೇಳಿ, ಮೇಡಿ, ಮೇಟಿ. ಬಾಯಲ್ಲಿ ಇವು ಒಂದಕ್ಕೊಂದು ಎಷ್ಟು ಹತ್ತಿರ ನೋಡಿ. ಕಣದ ಕಂಬ ಕಾಣೆಯಾದ ಊರುಗಳಲ್ಲಿ ಜನ ಮೇಟಿಯನ್ನು ನೇಗಿಲ ಹಿಡಿಗೆ ಜೋಡಿಸಿಕೊಂಡದ್ದು ಸಹಜ. ಎರಡೂ ಬೇಸಾಯದ ಸಾಮಾನುಗಳೇ. ಆದರೆ ನೇಗಿಲು ಬೆಳೆಯ ಶುರು, ಕಣ ಬೆಳೆಯ ಕೊನೆ. ಈ ವ್ಯತ್ಯಾಸ ಸಣ್ಣದಲ್ಲ.

ಸರ್ವಜ್ಞ ಹೇಳಿದ್ದೇನು?

ಮೇಟಿ ವಿದ್ಯೆ ಎಂಬ ಮಾತು ನಮ್ಮ ಬಾಯಿಗೆ ಬಂದದ್ದು ಸರ್ವಜ್ಞನ ತ್ರಿಪದಿಯಿಂದ. ಎಷ್ಟು ವಿದ್ಯೆಗಳಿದ್ದರೂ ಮೇಟಿಯದ್ದೇ ಮೇಲು ಎಂಬ ಮೊದಲ ಭಾಗ ಎಲ್ಲರಿಗೂ ಬಾಯಿಪಾಠ. ಅದರ ಮುಂದಿನ ಭಾಗವನ್ನು ಯಾರೂ ಕ್ಯಾಲೆಂಡರಿನಲ್ಲಿ ಹಾಕುವುದಿಲ್ಲ. ಮೇಟಿಯಿಂದಲೇ ರಾಟಿ ನಡೆಯುವುದು, ಅದಿಲ್ಲದಿದ್ದರೆ ದೇಶದ ಆಟವೇ ಕೆಡುತ್ತದೆ ಎಂಬುದು ಅದರ ತಾತ್ಪರ್ಯ.

ರಾಟಿ ಅಂದರೆ ರಾಟೆ. ನೂಲುವ ಚರಕ ಎನ್ನಿ, ಬಾವಿಯ ಗಾಲಿ ಎನ್ನಿ, ಅಂತೂ ತಿರುಗುವ ವಸ್ತು. ಬೇಸಾಯ ಇದ್ದರೆ ಉಳಿದ ಕಸುಬುಗಳೂ ನಡೆಯುತ್ತವೆ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಅದು ಸರಿಯೇ. ಆದರೆ ಮೇಟಿಯನ್ನು ಕಣದ ಕಂಬ ಅಂತ ಇಟ್ಟುಕೊಂಡು ಇನ್ನೊಮ್ಮೆ ಯೋಚಿಸಿ. ಒಂದು ನಿಂತದ್ದು, ಇನ್ನೊಂದು ತಿರುಗುವಂಥದ್ದು. ನಡುವಿನದ್ದು ಗಟ್ಟಿಯಾಗಿ ನಿಂತರೆ ಮಾತ್ರ ಸುತ್ತಲಿನದ್ದು ತಿರುಗುತ್ತದೆ. ನೇಗಿಲು ಎಂದು ಓದಿದರೆ ಈ ಚಿತ್ರ ಸಿಗುವುದಿಲ್ಲ, ಕಂಬ ಎಂದು ಓದಿದರೆ ಪೂರಾ ಸಿಗುತ್ತದೆ. ಇದು ನನ್ನ ಓದು, ಪಂಡಿತರು ಒಪ್ಪಲೇಬೇಕೆಂದಿಲ್ಲ. ಕಣ ನೋಡಿದ ಕೃಷಿಕರು ಒಪ್ಪಬಹುದು ಅಂದುಕೊಂಡಿದ್ದೇನೆ.

ಹಾಗೆ ಓದಿದರೆ ಮೇಟಿ ವಿದ್ಯೆ ಅಂದರೆ ಬರೀ ಉಳುವ, ಬಿತ್ತುವ ವಿದ್ಯೆ ಅಲ್ಲ. ಬೆಳೆದದ್ದನ್ನು ಒಕ್ಕಿ, ತೂರಿ, ಒಣಗಿಸಿ, ಅಳೆದು, ಹಂಚಿ, ಬೀಜಕ್ಕೆ ಎತ್ತಿಟ್ಟು, ಮನೆ ತುಂಬಿಸಿಕೊಳ್ಳುವ ತನಕದ ವಿದ್ಯೆ. ಕೊನೆಯ ಲೆಕ್ಕ ಆಗುವುದು ಹೊಲದಲ್ಲಿ ಅಲ್ಲ, ಕಣದಲ್ಲಿ.

ಕಣಕ್ಕೆ ಬರುತ್ತಿದ್ದವರು

ಹಾಗಂತ ಹಳೆಯ ಕಣ ಸ್ವರ್ಗ ಆಗಿತ್ತು ಅಂತ ನಾನು ಹೇಳುವುದಿಲ್ಲ. ಹಂತಿ ಹೊಡೆಯುವುದು ಮೈಮುರಿಯುವ ಕೆಲಸ. ಚಳಿ, ಧೂಳು, ನಿದ್ದೆಗೇಡು. ತೂರುವುದಕ್ಕೆ ಗಾಳಿಗಾಗಿ ದಿನಗಟ್ಟಲೆ ಕಾಯಬೇಕು. ಅಕಾಲದ ಮೋಡ ಕವಿದರೆ ಎದೆ ಡವಡವ.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ರಾಶಿ ಆಗುವ ಹೊತ್ತಿಗೆ ಸರಿಯಾಗಿ ಕಣಕ್ಕೆ ಜನ ಬರುತ್ತಿದ್ದರು. ಕಮ್ಮಾರ, ಬಡಗಿ, ತೋಟಿ, ತಳವಾರ ಮುಂತಾದ ಆಯಗಾರರು ವರ್ಷವಿಡೀ ಮಾಡಿದ ಕೆಲಸಕ್ಕೆ ತಮ್ಮ ಪಾಲು ಕೇಳಲು ಬರುತ್ತಿದ್ದರು. ಅದು ನ್ಯಾಯವೇ. ಅವರಲ್ಲಿ ಕೆಲವರಿಗೆ ಕಣದ ಒಳಗೆ ಕಾಲಿಡಲು ಬಿಡದೆ ದೂರ ನಿಲ್ಲಿಸಿ ಕೊಡುತ್ತಿದ್ದದ್ದು ಮಾತ್ರ ನ್ಯಾಯ ಅಲ್ಲ. ಸಾಲ ಕೊಟ್ಟ ಸಾಹುಕಾರರೂ ಬರುತ್ತಿದ್ದರು. ಗೇಣಿ ಒಕ್ಕಲಿನ ಕಣಕ್ಕೆ ಭೂಮಾಲೀಕನ ಕಡೆಯವರು ಬಂದು ಮೊದಲು ಅಳೆಸಿಕೊಳ್ಳುತ್ತಿದ್ದರು. ನಮ್ಮ ಅಜ್ಜನೂ ಗೇಣಿ ಒಕ್ಕಲೇ. ಸುಗ್ಗಿ ಮುಗಿದ ರಾತ್ರಿ ಕಣದಲ್ಲಿ ಉಳಿಯುತ್ತಿದ್ದದ್ದು ಹುಲ್ಲು, ಹೊಟ್ಟು ಮತ್ತು ಮೇಟಿ ಎಂದು ಮನೆಯಲ್ಲಿ ಹೇಳುತ್ತಿದ್ದರು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮೊದಲ ಸಲ ಕಣದ ರಾಶಿ ಪೂರಾ ಮನೆಗೆ ಬಂತು. ಅಂದರೆ ಮೇಟಿ ಎಂಬ ದೊಡ್ಡ ಹೆಸರು ಇದ್ದರೂ, ಎಷ್ಟೋ ಕಾಲ ರೈತ ಮೇಟಿ ಆಗಿರಲಿಲ್ಲ. ಸುತ್ತುವ ಎತ್ತಾಗಿದ್ದ, ಬಾಯಿಗೆ ಕುಕ್ಕೆ ಕಟ್ಟಿಸಿಕೊಂಡ ಎತ್ತು.

ಒಂದು ಒಳ್ಳೆಯ ಗುಣ ಮಾತ್ರ ಹಳೆಯ ಕಣಕ್ಕೆ ಇತ್ತು. ಅಳತೆ ಎಲ್ಲರ ಎದುರು ಆಗುತ್ತಿತ್ತು. ಯಾರಿಗೆ ಎಷ್ಟು ಹೋಯಿತು, ನಮಗೆ ಎಷ್ಟು ಉಳಿಯಿತು ಅನ್ನೋದು ಕಣ್ಣಿಗೆ ಕಾಣುತ್ತಿತ್ತು. ಈಗ ಪಾಲು ತೆಗೆದುಕೊಳ್ಳುವವರು ಬೇರೆ: ಬೀಜ, ಗೊಬ್ಬರ, ಡೀಸೆಲ್, ಯಂತ್ರದ ಬಾಡಿಗೆ, ಬಡ್ಡಿ, ದಳ್ಳಾಳಿ. ಯಾರೂ ಕಣಕ್ಕೆ ಬರುವುದಿಲ್ಲ. ಹಾಗಾಗಿ ಯಾರಿಗೆ ಎಷ್ಟು ಹೋಯಿತೆಂದು ನಮಗೇ ಗೊತ್ತಾಗುವುದಿಲ್ಲ.

ಕಣ ಎಲ್ಲಿ ಹೋಯಿತು?

ಮೇಟಿ ಒಂದೇ ದಿನ ಮಾಯವಾಗಿಲ್ಲ. ಕಲ್ಲಿನ ರೋಣಗಲ್ಲು ಬಳಕೆಯಾದ ಕಡೆ ಒಂದು ಜೊತೆ ಎತ್ತು ಸಾಕಾಯಿತು, ಹಂತಿ ನಿಂತಿತು. ಆಮೇಲೆ ಟ್ರ್ಯಾಕ್ಟರ್ ಚಕ್ರ, ಆಮೇಲೆ ಒಕ್ಕಣೆ ಯಂತ್ರ, ಈಗ ಹೊಲದಲ್ಲೇ ಕೊಯ್ದು ಕಾಳು ಉಗುಳುವ ದೊಡ್ಡ ಯಂತ್ರ. ಊರಿನ ಕಣದ ಜಾಗಗಳಲ್ಲಿ ಎಷ್ಟೋ ಮನೆ ನಿವೇಶನಗಳಾದವು. ಜಾಗ ಇಲ್ಲದವರು ಡಾಂಬರು ರಸ್ತೆಯನ್ನೇ ಕಣ ಮಾಡಿಕೊಂಡರು. ರಾಗಿ, ಹುರುಳಿ ಹಾಸಿದರೆ ಬಸ್ಸು ಲಾರಿಗಳೇ ಹಂತಿ!

ಪುಕ್ಕಟೆ ಒಕ್ಕಣೆ ಅನ್ನಿಸಿದರೂ ಅದರ ಬೆಲೆ ಇದೆ. ಹುರುಳಿ ಬಳ್ಳಿ ಬೈಕಿನ ಚಕ್ರಕ್ಕೆ ಸುತ್ತಿ ಜನ ಬಿದ್ದಿದ್ದಾರೆ. ಒಣ ಸೊಪ್ಪು ಕಾರಿನ ಅಡಿಗೆ ಸಿಕ್ಕಿ ಬೆಂಕಿ ಹತ್ತಿದ್ದೂ ಇದೆ. ಕಾಳಿಗೆ ಕಲ್ಲು, ಎಣ್ಣೆ, ಡಾಂಬರಿನ ಚೂರು ಸೇರಿ ಬೆಲೆ ಇಳಿಯುತ್ತದೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೆಲವು ಪಂಚಾಯಿತಿಗಳು ಒಕ್ಕಣೆ ಕಣ ಕಟ್ಟಿಸಿವೆ. ನಿಮ್ಮ ಊರಲ್ಲಿ ಅಂಥದ್ದಿದ್ದರೆ ಅದು ಒಕ್ಕಣೆಗೇ ಬಳಕೆಯಾಗುತ್ತಿದೆಯೇ, ಇಟ್ಟಿಗೆ ಜಲ್ಲಿ ಒಟ್ಟಲು ಬಳಕೆಯಾಗುತ್ತಿದೆಯೇ ನೋಡಿ.

ತಮಾಷೆ ಅಂದರೆ ಕಣ ಎಂಬ ಶಬ್ದ ಮಾತ್ರ ದಿನಾ ಪೇಪರಿನಲ್ಲಿ ಬರುತ್ತದೆ. ಚುನಾವಣಾ ಕಣ, ಕಣಕ್ಕಿಳಿದ ಅಭ್ಯರ್ಥಿ, ಕಣದಿಂದ ಹಿಂದಕ್ಕೆ. ಇದು ಹೊಸ ಚಾಳಿ ಅಲ್ಲ. ಹಳಗನ್ನಡದ ‘ಕಳ’, ತಮಿಳಿನ ‘ಕಳಂ’ ಎರಡಕ್ಕೂ ಒಕ್ಕುವ ಜಾಗ, ಯುದ್ಧದ ಜಾಗ ಎಂಬ ಎರಡರ್ಥವೂ ಮೊದಲಿನಿಂದ ಇದೆ. ತುಳಿತ ಎರಡು ಕಡೆಯೂ ಇದೆಯಲ್ಲ! ಆ ಚುನಾವಣಾ ಕಣದಲ್ಲಿ ಒಕ್ಕಿಸಿಕೊಳ್ಳುವವರು ಯಾರು ಅನ್ನೋದನ್ನು ನಾನು ಹೇಳಬೇಕಾಗಿಲ್ಲ.

ಈಗ ಮೇಟಿ ಯಾರು?

ಎತ್ತಿನ ಹಂತಿಗೆ ವಾಪಸು ಹೋಗೋಣ ಅಂತ ಯಾರೂ ಹೇಳಲಾರರು. ಎತ್ತೇ ಇಲ್ಲದ ಮನೆಗಳೇ ಜಾಸ್ತಿ. ಯಂತ್ರ ಬಂದದ್ದು ಹೆಂಗಸರ, ಆಳುಗಳ ಬೆನ್ನಿಗೆ ಒಳ್ಳೆಯದೇ ಆಯಿತು. ಪ್ರಶ್ನೆ ಕಂಬದ್ದಲ್ಲ, ಜಾಗದ್ದು. ಇವತ್ತು ನಡುವೆ ನಿಂತಿರುವವರು ಯಾರು, ಸುತ್ತುತ್ತಿರುವವರು ಯಾರು?

ಯಂತ್ರದ ಬಾಯಿಂದ ಬಂದ ಕಾಳನ್ನು ಅದೇ ಸಂಜೆ ಹಸಿಯಾಗಿಯೇ ಲಾರಿಗೆ ತುಂಬಿಸಿ ಬಿಟ್ಟರೆ ಬೆಲೆ ಹೇಳುವವನು ಮೇಟಿ, ನಾವು ಎತ್ತು. ಎಲ್ಲರೂ ಒಂದೇ ವಾರ ಮಾರಿದರೆ ಬೆಲೆ ಏರುವುದಾದರೂ ಹೇಗೆ? ಸಾಲದ ಕಂತು ಕುತ್ತಿಗೆಗೆ ಇರುವಾಗ ಕಾಳು ಇಟ್ಟುಕೊಂಡು ಕಾಯುವುದು ಎಲ್ಲರಿಗೂ ಆಗುವ ಮಾತಲ್ಲ, ಒಪ್ಪುತ್ತೇನೆ. ಆದರೆ ಪೂರಾ ಆಗದಿದ್ದರೂ ಸ್ವಲ್ಪವಾದರೂ ಕಣದ ವಿದ್ಯೆ ನಮ್ಮ ಕೈಯಲ್ಲಿ ಉಳಿಯಬಹುದು. ನಮಗೆ ಸಾಧ್ಯವಾಗಿರುವ ನಾಲ್ಕು ಸಂಗತಿ ಬರೆಯುತ್ತೇನೆ.

ಒಂದು, ಬೀಜದ ತೆನೆಯನ್ನು ಯಂತ್ರಕ್ಕೆ ಹಾಕಬೇಡಿ. ಯಂತ್ರ ಹೊಲದಿಂದ ಹೊಲಕ್ಕೆ ಬರುವಾಗ ಬೇರೆಯವರ ತಳಿಯ ಕಾಳನ್ನೂ ಪಾರ್ಥೇನಿಯಂನಂಥ ಕಳೆಬೀಜವನ್ನೂ ತರುತ್ತದೆ. ಕೊಯ್ಲಿಗೆ ಮೊದಲೇ ಒಳ್ಳೆಯ ತೆನೆ ಆರಿಸಿ ಬೇರೆ ಒಣಗಿಸಿ ಕೋಲಿನಿಂದ ಬಡಿದುಕೊಂಡರೆ ಒಂದು ಮನೆಗೆ ಬೇಕಾದ ಬೀಜಕ್ಕೆ ಅರ್ಧ ದಿನದ ಕೆಲಸ.

ಎರಡು, ಚೆನ್ನಾಗಿ ಒಣಗಿಸಿ. ಕೂಡಿಡುವ ಧಾನ್ಯದಲ್ಲಿ ತೇವ ಶೇ. 12ರ ಆಸುಪಾಸಿಗೆ ಬಂದಿರಬೇಕು. ಅಳೆಯುವ ಯಂತ್ರ ಇಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು, ಜೊತೆಗೆ ಒಂದೆರಡು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. 

ಉಪ್ಪು ಗಾಜಿಗೆ ಅಂಟಿಕೊಂಡರೆ ಕಾಳಿನಲ್ಲಿ ಶೇ. 15ಕ್ಕಿಂತ ಹೆಚ್ಚು ತೇವ ಇದೆ ಅಂತ ಲೆಕ್ಕ, ಇನ್ನೂ ಒಣಗಬೇಕು. ಅಂಟದಿದ್ದರೂ ಕೂಡಿಡುವ ಮುಂಚೆ ಇನ್ನೊಂದು ಬಿಸಿಲು ತೋರಿಸುವುದು ಕ್ಷೇಮ.

ಮೂರು, ನಾಲ್ಕು ಮನೆಯವರು ಸೇರಿ ಒಂದು ಕಣ ಇಟ್ಟುಕೊಳ್ಳಿ. ಕಾಂಕ್ರೀಟೇ ಆಗಬೇಕೆಂದಿಲ್ಲ. ಸಗಣಿ ಸಾರಿಸಿದ ನೆಲ, ಮೇಲೊಂದು ದಪ್ಪ ಟಾರ್ಪಾಲು ಸಾಕು. ರಸ್ತೆಗೆ ಹೋಗುವುದು ತಪ್ಪುತ್ತದೆ.

ನಾಲ್ಕು, ರಾಶಿ ಆದ ದಿನ ಲೆಕ್ಕ ಬರೆಯಿರಿ. ಎಷ್ಟು ಬಂತು, ಯಂತ್ರಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಬಡ್ಡಿಗೆ ಎಷ್ಟು. ಹಣದಲ್ಲಿ ಅಲ್ಲ, ಚೀಲದಲ್ಲಿ ಬರೆಯಿರಿ. ಕಣಕ್ಕೆ ಬಾರದೆಯೇ ಪಾಲು ತೆಗೆದುಕೊಂಡು ಹೋದವರೆಲ್ಲ ಆಗ ಕಣ್ಣಿಗೆ ಕಾಣುತ್ತಾರೆ. ನಮ್ಮ ಮನೆಯಲ್ಲಿ ಮೂರು ವರ್ಷ ಹೀಗೆ ಬರೆದ ಮೇಲೆ ಯಾವ ಖರ್ಚು ಬಿಡಬೇಕು ಅನ್ನುವ ಚರ್ಚೆಗೆ ಗಂಟೆಗಟ್ಟಲೆ ಬೇಕಾಗಲಿಲ್ಲ.

ಶಬ್ದಗಳೂ ಬೀಜದ ಹಾಗೆ

ಕಣದ ಸುತ್ತ ಎಷ್ಟು ಶಬ್ದಗಳಿದ್ದವು! ಮೇಟಿ, ಹಂತಿ, ಮೆದೆ, ಬಣವೆ, ಒಕ್ಕಣೆ, ತೂರುವುದು, ರಾಶಿ, ಜೊಳ್ಳು, ಹೊಟ್ಟು, ರೋಣಗಲ್ಲು, ಬಾಯಿಕುಕ್ಕೆ, ಕೊಳಗ, ಬಳ್ಳ, ಹಗೇವು, ಕಣಜ. ಒಂದೊಂದು ಶಬ್ದದಲ್ಲೂ ಒಂದು ಕೆಲಸದ ತಿಳುವಳಿಕೆ ಇದೆ. ಕೆಲಸ ನಿಂತರೆ ಶಬ್ದ ಮೊದಲು ಟೊಳ್ಳಾಗುತ್ತದೆ, ಆಮೇಲೆ ಸಾಯುತ್ತದೆ. ಮೇಟಿ ಈಗ ಟೊಳ್ಳಾಗುವ ಹಂತದಲ್ಲಿದೆ. ಎಲ್ಲರ ಬಾಯಲ್ಲೂ ಇದೆ, ಒಳಗೆ ಕಾಳಿಲ್ಲ.

ನಿಮ್ಮ ಊರಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಕೂರಿಸಿಕೊಂಡು ಕೇಳಿ. ಕಣದ ಕಂಬಕ್ಕೆ ನಿಮ್ಮಲ್ಲಿ ಏನು ಹೆಸರು? ಯಾವ ಮರ ನೆಡುತ್ತಿದ್ದರು? ತುದಿಗೆ ಏನು ಕಟ್ಟುತ್ತಿದ್ದರು? ಒಳಗಿನ ಎತ್ತಿಗೆ, ಹೊರಗಿನ ಎತ್ತಿಗೆ ಬೇರೆ ಬೇರೆ ಹೆಸರಿತ್ತೇ? ಮೊದಲ ಅಳತೆ ಯಾರಿಗೆ ಹೋಗುತ್ತಿತ್ತು? ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಹೆಂಗಸರನ್ನು ಕೇಳಲು ಮರೆಯಬೇಡಿ. ತೂರುವುದು, ಕೇರುವುದು, ಬೀಜ ಎತ್ತಿಡುವುದು ಅವರ ಕೈಯಲ್ಲೇ ಇತ್ತು.

ಇನ್ನು ಮುಂದೆ ಯಾರಾದರೂ ವೇದಿಕೆಯ ಮೇಲೆ ನಿಂತು ಮೇಟಿ ವಿದ್ಯೆಯನ್ನು ಹೊಗಳಿದರೆ ಚಪ್ಪಾಳೆ ತಟ್ಟೋಣ, ಬೇಡ ಅನ್ನುವುದಿಲ್ಲ. ಆಮೇಲೆ ಎದ್ದು ನಿಂತು ಕೇಳೋಣ: ಮೇಟಿ ಅಂದರೆ ನಡುವೆ ನಿಲ್ಲುವ ಕಂಬ ಸ್ವಾಮೀ, ನಿಮ್ಮ ಯೋಜನೆಯಲ್ಲಿ ನಮ್ಮನ್ನು ನಿಲ್ಲಿಸಿರುವುದು ಎಲ್ಲಿ?